ದೀಪ ಉರಿಯುತ್ತಿತ್ತೇ?

ಹೊಸದು ಹಳೆಯದಕ್ಕಿಂತ ಒಳ್ಳೆಯದೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು. ಆಲ್ಕೊಳ ಸರ್ಕಲ್‌ನಿಂದ ಸ್ವಲ್ಪ ಒಳಗೆ ನನ್ನ ಸಿಸಿಟಿವಿ ಅಂಗಡಿ. ಬರುವವರಲ್ಲಿ ಹೆಚ್ಚಿನವರು ಇದನ್ನೇ ಕೇಳುತ್ತಾರೆ. ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಫೋನ್ ನೋಡಲು ಶುರು ಮಾಡುತ್ತಾರೆ. ಅಲ್ಮಾಸ್ ಎಂಬ ಹೆಂಗಸು, ಅಂದರೆ ನಾನು, ಬುರ್ಖಾ ಮಡಚಿ ಏಣಿ ಹತ್ತುತ್ತೇನೆ ಎನ್ನುವುದೇ ಅವರಿಗೆ ದೊಡ್ಡ ಸುದ್ದಿ. ಹತ್ತಿ ಏನು ಮಾಡಿದೆ ಎನ್ನುವುದು ಯಾರಿಗೂ ಬೇಕಿಲ್ಲ.

ದುಶ್ಯಂತ್ ಮಾತ್ರ ಪೂರ್ತಿ ಕೇಳಿಸಿಕೊಳ್ಳುವ ಮನುಷ್ಯ. ಕೇಳಿಸಿಕೊಂಡು ತನಗೆ ಬೇಕಾದ್ದನ್ನಷ್ಟೇ ಇಟ್ಟುಕೊಳ್ಳುತ್ತಾನೆ. ಅವನ ಮನೆ ವಿದ್ಯಾನಗರದಲ್ಲಿ, ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿ ಮಾಚೇನಹಳ್ಳಿಯಲ್ಲಿ. ಅಲ್ಲಿದ್ದ ಹಳೆಯ ರೆಕಾರ್ಡರ್‌ನಲ್ಲಿ ವಾರದ ಚಿತ್ರ ಉಳಿಯುವುದೇ ಕಷ್ಟ, ಆಮೇಲೆ ಹಳತರ ಮೇಲೆ ಹೊಸತು ಕೂರುತ್ತಿತ್ತು. ಅವನಿಗೆ ತಿಂಗಳ ಚಿತ್ರ ಬೇಕಿತ್ತು, ಅದೂ ಅಷ್ಟೇ ಡಿಸ್ಕಿನಲ್ಲಿ.

ಕ್ಯಾಮೆರಾದಿಂದ ಬಂದ ಚಿತ್ರವನ್ನು ಯಾವ ರೆಕಾರ್ಡರೂ ಹಾಗೆಯೇ ಇಡುವುದಿಲ್ಲ, ಹಿಂಡಿ ಸಣ್ಣದು ಮಾಡಿ ಇಡುತ್ತದೆ. ಹಿಂಡುವ ಹಳೆಯ ಪದ್ಧತಿಗೆ ಎಚ್.264 ಎನ್ನುತ್ತಾರೆ, ಹೊಸದಕ್ಕೆ ಎಚ್.265. ಅದೇ ಚಿತ್ರವನ್ನು ಹೊಸದು ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಇಡುತ್ತದೆ ಎನ್ನುವುದು ಸುಳ್ಳಲ್ಲ. ದುಶ್ಯಂತ್‌ಗೆ ಅರ್ಧ ಸಾಲಲಿಲ್ಲ. ಇನ್ನೂ ಹಿಂಡಿ ಎಂದ. ಹೊಸ ರೆಕಾರ್ಡರ್‌ನಲ್ಲಿ ‘ಸ್ಮಾರ್ಟ್’ ಎಂಬ ಇನ್ನೊಂದು ಸೌಲಭ್ಯ ಇದೆಯಲ್ಲ, ಅದನ್ನೂ ಹಚ್ಚಿ ಎಂದ.

"ಅಷ್ಟ್ ಹಿಂಡಿದ್ರೆ ಸಿಪ್ಪೆ ಉಳಿಯುತ್ತೆ ಸರ್, ರಸ ಇರಲ್ಲ," ಎಂದೆ.

"ಪಕ್ಕಪಕ್ಕ ಇಟ್ಟು ತೋರ್ಸಿ ಮೇಡಂ. ಫರಕ್ ಕಂಡ್ರೆ ಬಿಟ್ಬಿಡೋಣ," ಎಂದ.

ಸರಿ ಎಂದು ಎರಕದ ಅಚ್ಚಿಗೆ ಮರಳು ಕಲೆಸುವ ವಿಭಾಗದ ಕ್ಯಾಮೆರಾ ವೈರನ್ನು ಎರಡಾಗಿ ಸೀಳಿ ಒಂದನ್ನು ಹಳೆಯ ರೆಕಾರ್ಡರ್‌ಗೆ, ಒಂದನ್ನು ಹೊಸದಕ್ಕೆ ಕೊಟ್ಟೆ. ಕಣ್ಣು ಒಂದೇ, ಹಿಂಡುವವರು ಇಬ್ಬರು.

ಸತೀಶನ ಪರಿಚಯ ಆದದ್ದು ಆ ದಿನ. ಮರಳು ಕಲೆಸುವ ಮೆಷಿನ್ ಅವನ ಕೈಯಲ್ಲಿತ್ತು. ದೊಡ್ಡ ಕಬ್ಬಿಣದ ತೊಟ್ಟಿ, ಒಳಗೆ ತಿರುಗುವ ಅಲಗುಗಳು. ಶುರು ಮಾಡುವ ಬಟನ್ ಎಂದೋ ಕೆಟ್ಟು, ಮೇನ್ ಸ್ವಿಚ್ ಎತ್ತಿದರೆ ನೇರವಾಗಿ ತಿರುಗುವ ಹಾಗೆ ಮಾಡಿಟ್ಟಿದ್ದರು. ಸ್ವಿಚ್ ಇದ್ದ ಪ್ಯಾನೆಲ್ ಪೆಟ್ಟಿಗೆ ಪಕ್ಕದ ಕಂಬದ ಮೇಲೆ. ಪೆಟ್ಟಿಗೆಯ ನೆತ್ತಿಯಲ್ಲಿ ಒಂದು ಕೆಂಪು ದೀಪ: ಉರಿದರೆ ಮೆಷಿನ್ನಿಗೆ ಕರೆಂಟ್ ಇದೆ, ಆರಿದರೆ ಇಲ್ಲ. ಶುಕ್ರವಾರದ ಪೂಜೆಯ ಕುಂಕುಮವನ್ನು ದೀಪಕ್ಕೆ ತಾಗಿದಂತೆಯೇ ಧಾರಾಳವಾಗಿ ಮೆತ್ತಿದ್ದರು.

"ಇದ್ರಲ್ಲಿ ದೀಪ ಯಾವ್ದು, ಬೊಟ್ಟು ಯಾವ್ದು ಮಾರಾಯ್ರೆ?" ಎಂದು ಸತೀಶನನ್ನು ರೇಗಿಸಿದ್ದೆ.

ನಾನು ಏಣಿ ಹತ್ತುವ ಮೊದಲು ಸತೀಶ್ ಆ ಭಾಗದ ಮೇನ್ ಇಳಿಸಿದ. ಇಳಿಸಿ, "ಟೆಸ್ಟರ್ ಇಟ್ಟು ನೋಡ್ಕೊಳಿ ಮೇಡಂ. ನಾನ್ ಹೇಳ್ದೆ ಅಂತ ನಂಬ್ಬೇಡಿ," ಎಂದ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಆ ಮಾತು ಹೇಳಿದ ಗಂಡಸು ಅವನೊಬ್ಬನೇ. ಅವನಿಗಿದ್ದ ಇನ್ನೊಂದು ಚಾಳಿ ಪ್ಯಾನೆಲ್ ಬಾಗಿಲಿನದು. ಪಕ್ಕದಲ್ಲೇ ಎರಕ ಉಜ್ಜುವ ಗ್ರೈಂಡಿಂಗ್, ಧೂಳು ಹಾರಿ ಸ್ವಿಚ್ಚಿಗೆ ಕೂರುತ್ತಿತ್ತು. ಯಾರಾದರೂ ಬಾಗಿಲು ತೆರೆದಿಟ್ಟರೆ ಇದ್ದಲ್ಲಿಂದಲೇ ಕೂಗುತ್ತಿದ್ದ: "ಪ್ಯಾನೆಲ್ ಹಾಕ್ರಪ್ಪ, ಒಳಗೆ ಧೂಳು ಹೋಗುತ್ತೆ!"

ಗ್ರೈಂಡಿಂಗ್‌ನಲ್ಲಿದ್ದವನು ಸತೀಶನ ಹೆಂಡತಿಯ ತಮ್ಮ, ಹಾಲೇಶ್. ಮದುವೆಯಾಗಿ ಮಕ್ಕಳಿದ್ದ ಗಂಡಸು. ಅವನನ್ನು ಆ ಕೆಲಸಕ್ಕೆ ಸೇರಿಸಿದ್ದೂ ಸತೀಶನೇ. ಹಾಲೇಶ್ ಯಾವ ಮೆಷಿನ್ ಮುಟ್ಟಿದರೂ ಮೊದಲು ಕುಂಕುಮಕ್ಕೆ ಬೆರಳು ತಾಗಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ.

"ನಿಲ್ಸೋವಾಗ್ಲೂ ಹಿಂಗೇ ನಮಸ್ಕಾರನಾ?" ಎಂದು ಕೇಳಿದೆ.

"ಶುರು ಮಾಡೋಕ್ ಮುಂಚೆ ಮೇಡಂ. ನಿಲ್ಸೋವಾಗ ಯಾರ್ ಮಾಡ್ತಾರೆ?" ಎಂದು ನಕ್ಕ.

ಎರಡೂ ರೆಕಾರ್ಡರ್‌ಗಳ ಚಿತ್ರವನ್ನು ದುಶ್ಯಂತ್‌ನ ಆಫೀಸಿನಲ್ಲಿ ಪಕ್ಕಪಕ್ಕದ ಪರದೆಗಳಲ್ಲಿ ಹಾಕಿ ತೋರಿಸಿದೆ. ಅವನು ನಿಂತುಕೊಂಡೇ ನೋಡಿದ. ಎರಡರಲ್ಲೂ ಸತೀಶ್ ಒಂದೇ ಥರ ಓಡಾಡುತ್ತಿದ್ದ. ಹೊಸದರಲ್ಲಿ ಗೋಡೆಯ ಬಿರುಕು, ನೆಲದ ಮರಳು ಎಲ್ಲ ಸಾರಿಸಿದಂತೆ ನುಣ್ಣಗಾಗಿದ್ದವು. ನಾನು ಬೆರಳಿಟ್ಟು ತೋರಿಸಿದೆ.

"ಚೆನ್ನಾಗೇ ಇದೆಯಲ್ಲ ಮೇಡಂ. ಕ್ಲೀನಾಗಿ ಕಾಣುತ್ತೆ," ಎಂದ ದುಶ್ಯಂತ್.

ವಾರ ಕಳೆಯಲಿ, ಆಮೇಲೆ ಹಳೆಯದನ್ನು ಬಿಚ್ಚೋಣ ಎಂದು ಬಂದೆ. ವಾರ ಕಳೆಯುವ ಮೊದಲೇ ಸತೀಶ್ ಆ ತೊಟ್ಟಿಯೊಳಗೆ ಸತ್ತ.

ಅಂದು ಗಟ್ಟಿಯಾದ ಮರಳು ಸಿಕ್ಕಿಕೊಂಡು ಅಲಗು ನಿಂತುಹೋಗಿತ್ತಂತೆ. ಅವನು ಸೊಂಟದವರೆಗೆ ಒಳಗೆ ಬಗ್ಗಿ ಸಲಾಕೆಯಿಂದ ಬಿಡಿಸುತ್ತಿದ್ದಾಗ ಅಲಗು ತಿರುಗಿತು. ಮಿಕ್ಕದ್ದನ್ನು ನಾನು ಬರೆಯಲಾರೆ. ದುಶ್ಯಂತ್ ಹೊಸ ರೆಕಾರ್ಡರ್‌ನ ಚಿತ್ರವನ್ನು ತನಿಖೆಗೆ ಬಂದವರಿಗೆ ಕೊಟ್ಟ. ಅದರಲ್ಲಿ ಸತೀಶ್ ಪ್ಯಾನೆಲ್ ಬಾಗಿಲು ತೆರೆಯುತ್ತಾನೆ, ಒಳಗೆ ಕೈ ಏನು ಮಾಡಿತೆಂದು ಕಾಣುವುದಿಲ್ಲ, ತೊಟ್ಟಿಯ ಕಡೆ ಹೋಗುತ್ತಾನೆ, ಬಗ್ಗುತ್ತಾನೆ. ಉದ್ದಕ್ಕೂ ಪೆಟ್ಟಿಗೆಯ ನೆತ್ತಿಯಲ್ಲಿ ಕೆಂಪು ಇದೆ. ಬಾಗಿಲು ತೆರೆದವನು ಸ್ವಿಚ್ ಇಳಿಸುವುದನ್ನು ಮರೆತ, ಮೋಟಾರು ತಿರುಗುತ್ತಿದ್ದರೂ ಬೆಲ್ಟು ಜಾರುತ್ತಿತ್ತು, ಮರಳು ಬಿಡಿಸಿದ ಕೂಡಲೇ ಅಲಗು ತಿರುಗಿತು, ತನ್ನ ಸಾವನ್ನು ತಾನೇ ತಂದುಕೊಂಡ ಎಂದು ಎಲ್ಲರೂ ಒಪ್ಪಿಕೊಂಡರು.

ಎರಡು ದಿನ ಬಿಟ್ಟು ದುಶ್ಯಂತ್ ನನಗೆ ಫೋನ್ ಮಾಡಿ, "ಆ ಹಳೇ ಡಬ್ಬ ಬಿಚ್ಕೊಂಡ್ ಹೋಗಿ ಮೇಡಂ. ಎಲ್ಲ ಅಳಿಸಿ ಯಾರಿಗಾದ್ರೂ ಮಾರ್ಕೊಳ್ಳಿ," ಎಂದ. ಬಿಚ್ಚಿ ತಂದೆ. ಅಳಿಸಲು ಮನಸ್ಸಾಗದೆ ಮೇಲಿನ ಕಪಾಟಿನಲ್ಲಿ ಇಟ್ಟೆ.

ವೀಣಾ ನನ್ನ ಅಂಗಡಿಗೆ ಬಂದದ್ದು ಅದಾಗಿ ಎರಡು ವಾರಕ್ಕೆ, ಭದ್ರಾವತಿಯಿಂದ ಬಸ್ಸಿನಲ್ಲಿ, ಒಬ್ಬಳೇ. ಸತೀಶನ ಹೆಂಡತಿ ಎಂದು ಹೇಳಿಕೊಳ್ಳುವ ಮೊದಲೇ ಫೋನ್ ಮುಂದೆ ಹಿಡಿದಳು. ಗಾಜು ಬಿರುಕು ಬಿಟ್ಟ ಫೋನಿನಲ್ಲಿ ಅದೇ ಚಿತ್ರ. ದುಶ್ಯಂತ್ ವಾಟ್ಸಾಪಿನಲ್ಲಿ ಕಳಿಸಿದ್ದನಂತೆ. ಹಿಂಡಿದ್ದನ್ನು ವಾಟ್ಸಾಪ್ ಇನ್ನೊಂದು ಸಲ ಹಿಂಡಿತ್ತು. ಸತೀಶನಿಗೆ ಮುಖವೇ ಇರಲಿಲ್ಲ.

"ದೀಪ ಉರೀತಾ ಇತ್ತಾ ಮೇಡಂ? ನಿಮ್ಗೆ ಗೊತ್ತಾಗುತ್ತೆ ಅಂದ್ರು ಫೌಂಡ್ರಿಯೋರು. ಅದೊಂದ್ ಹೇಳಿ," ಎಂದಳು.

ಕೂರಿಸಿ ನೀರು ಕೊಟ್ಟೆ. ಕುಡಿಯಲಿಲ್ಲ.

"ಮಿಕ್ಸಿ ಜಾರ್ ತೆಗಿಯೋಕ್ ಮುಂಚೆ ಪ್ಲಗ್ ಕಿತ್ತು, ವೈರ್ ಸುತ್ತಿ ಆಚೆ ಇಡೋ ಮನುಷ್ಯ ಅವ್ರು. ಬೆಳಗ್ಗೆ ಅವಸರದಲ್ಲಿ ಇದೇನ್ ಪುರಾಣ ಅಂತ ನಾನೇ ಬೈತಿದ್ದೆ. ಅಂಥೋರು ಮೇನ್ ಇಳಿಸ್ದೆ ಒಳಗ್ ಬಗ್ತಾರಾ? ಕುಡ್ದಿದ್ರಂತೆ ಅಂತ ನಮ್ ಬೀದಿಯೋರು ಮಾತಾಡ್ತಾರೆ. ಅವ್ರು ಕುಡಿಯೋದ್ ಬಿಟ್ಟು ಎಷ್ಟೋ ವರ್ಷ ಆಯ್ತು. ಅತ್ತೆ ಯಾರ ಮುಖಾನೂ ನೋಡ್ತಿಲ್ಲ."

ಫೋನಿನ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿದೆ. ಸತೀಶ್ ಬಗ್ಗಿದ ಮೇಲೆ ಪ್ಯಾನೆಲ್ ಹತ್ತಿರ ಇನ್ನೊಂದು ಆಕಾರ ಬಂತು. ಕೈ ಮುಖದ ಹತ್ತಿರ ಹೋಗಿ ಇಳಿಯಿತು, ಬೆವರು ಒರೆಸಿಕೊಂಡ ಹಾಗೆ. ಬಾಗಿಲು ಮುಚ್ಚಿತು.

"ಇದು ನನ್ ತಮ್ಮ. ಪ್ಯಾನೆಲ್ ಬಾಗ್ಲು ಹಾಕ್ತಿದಾನೆ. ಆಗ್ಲೇ ಭಾವ ಒಳಗಿದ್ರು, ನಾನ್ ನೋಡ್ಲಿಲ್ಲ ಅಕ್ಕ ಅಂತ ಅಳ್ತಾನೆ. ಮತ್ತೆ ಮತ್ತೆ ನೋಡ್ಬೇಡ ಬಿಟ್ಬಿಡು ಅಂತಾನೆ ಪಾಪ," ಎಂದಳು ವೀಣಾ.

ನಾನು ಅವಳಿಗೆ ಬಿಡಿಸಿ ಹೇಳಿದೆ. "ಹೆಂಗಿದೀರಿ ಅಂತ ಕೇಳಿದ್ರೆ, ಮೈಯಲ್ಲಿ ಜ್ವರ ಇದ್ರೂ ‘ನಿನ್ನೆ ಹಂಗೇ’ ಅಂತಾರಲ್ಲ ಕೆಲವ್ರು, ಈ ಹೊಸ ರೆಕಾರ್ಡರ್‌ನ ಹಂಗ್ ಮಾಡಿಟ್ಟಿದಾರೆ. ಓಡಾಡೋದನ್ನ ಮಾತ್ರ ಬರ್ಕೊಳ್ಳುತ್ತೆ. ಗೋಡೆ, ಕಂಬ, ಪ್ಯಾನೆಲ್ ಇವು ಅಲ್ಲಾಡಲ್ವಲ್ಲ, ಅವನ್ನ ತಿರುಗಿ ನೋಡಲ್ಲ, ಹಿಂದಿನ್ ಚಿತ್ರನೇ ಎಳ್ಕೊಂಡ್ ಹೋಗುತ್ತೆ. ಅಷ್ಟ್ ಸಣ್ಣ ದೀಪ ಆರಿದ್ರೂ ಅದಕ್ಕೆ ಲೆಕ್ಕಕ್ಕಿಲ್ಲ. ಪಕ್ಕದಲ್ಲಿ ಕುಂಕುಮ ಬೇರೆ ಮೆತ್ತಿದಾರೆ. ಈ ಕೆಂಪು ದೀಪದ್ದೋ ಕುಂಕುಮದ್ದೋ, ಈಗಿನದೋ ಆಗಿನದೋ, ಇದನ್ನ ನೋಡಿ ಯಾರೂ ಹೇಳೋಕಾಗಲ್ಲ. ಅವತ್ತು ಹಳೇ ರೆಕಾರ್ಡರೂ ಓಡ್ತಿತ್ತು, ಅದು ನನ್ ಹತ್ರಾನೇ ಇದೆ."

"ಹಳೇದ್ರಲ್ಲಿ?"

"ಹಳೇದು ಆಗಾಗ ಪೂರ್ತಿ ಚಿತ್ರ ಹೊಸದಾಗಿ ತಗೊಳ್ಳುತ್ತೆ. ಜಾಗ ಜಾಸ್ತಿ ತಿನ್ನುತ್ತೆ, ಸುಳ್ಳು ಕಡಿಮೆ ಹೇಳುತ್ತೆ."

ಎಚ್.265ನ್ನು ಬೈಯುವುದು ನ್ಯಾಯವಲ್ಲ. ಹೊಟ್ಟೆಗೆ ಬೇಕಾದಷ್ಟು ಜಾಗ ಕೊಟ್ಟಿದ್ದರೆ ಅದು ದೀಪವನ್ನೂ ಬೊಟ್ಟನ್ನೂ ಹಳೆಯದಕ್ಕಿಂತ ಚೆನ್ನಾಗಿ ಬೇರೆ ಮಾಡಿ ತೋರಿಸುತ್ತಿತ್ತು. ಉಪವಾಸ ಕೆಡವಿ ಕೆಲಸ ಕೇಳಿದವರ ತಪ್ಪು ಅದು. ಆದರೆ ಅಂದು ವೀಣಾಳ ಮುಂದೆ ಈ ವಾದ ಹೂಡಲು ನಾಲಿಗೆ ಏಳಲಿಲ್ಲ. ಕಪಾಟಿನಲ್ಲಿರುವುದನ್ನು ನೋಡಿ ಫೋನ್ ಮಾಡುತ್ತೇನೆ ಎಂದು ಹೇಳಿ ಬಸ್ಸಿಗೆ ಕಳಿಸಿದೆ.

ಅವಳು ಹೋದ ಮೇಲೆ ಹಳೆಯ ರೆಕಾರ್ಡರ್ ಇಳಿಸಿ, ಧೂಳು ಒರೆಸಿ, ಆ ದಿನ ಹುಡುಕಿ ಹಚ್ಚಿದೆ. ಮಂಕಾದರೂ ಸಾಚಾ ಚಿತ್ರ. ಗೋಡೆಯ ಬಿರುಕು ಇತ್ತು, ಕುಂಕುಮ ಇತ್ತು, ಅದರ ಪಕ್ಕದಲ್ಲಿ ದೀಪ ಬೇರೆಯಾಗಿಯೇ ಇತ್ತು. ಸತೀಶ್ ಬಂದ. ಬಾಗಿಲು ತೆರೆದ. ಕೈ ಕೆಳಗೆ ಎಳೆದ. ದೀಪ ಆರಿತು! ಕುಂಕುಮ ಮಾತ್ರ ಉಳಿಯಿತು. ಅವನು ತಲೆ ಎತ್ತಿ, ದೀಪ ಆರಿದೆಯೇ ಎಂದು ನೋಡಿ, ಆಮೇಲೆ ತೊಟ್ಟಿಯ ಕಡೆ ನಡೆದ. ನಾನು ಅಲ್ಲೇ ನಿಲ್ಲಿಸಿದೆ. ಮುಂದಿರುವುದು ಅವನ ಸಾವು, ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಬೇಕಾದ್ದು ಸಿಕ್ಕಿತ್ತಲ್ಲ. ಆರಿದ ದೀಪ ಮತ್ತೆ ಹೇಗೆ ಉರಿಯಿತು, ಮೆಷಿನ್ ಹೇಗೆ ತಿರುಗಿತು ಎಂಬ ಪ್ರಶ್ನೆ ನನಗೆ ಹೊಳೆದಿದ್ದರೆ ನಾನು ಕುಣಿಯುತ್ತಾ ಫೋನ್ ಮಾಡುತ್ತಿರಲಿಲ್ಲ. ಹೊಳೆದದ್ದು ಇಷ್ಟೇ: ದುಶ್ಯಂತ್ ಎಲ್ಲೋ ಸುಳ್ಳು ಹೇಳಿದ್ದಾನೆ, ಎಲ್ಲಿ ಎಂದು ತನಿಖೆಯವರು ಹುಡುಕಿಕೊಳ್ಳಲಿ.

"ಅಕ್ಕ, ಆಫ್ ಮಾಡಿದಾರೆ. ಮಾಡಿ, ಆರಿದೆಯಾ ಅಂತ ನೋಡೂ ನೋಡಿದಾರೆ," ಎಂದೆ.

ಆ ಕಡೆ ವೀಣಾ ಬಹಳ ಹೊತ್ತು ಅತ್ತಳು. ಆಮೇಲೆ, "ಅತ್ತೆ ಕಣ್ಣಾರೆ ನೋಡ್ಬೇಕು. ಅವ್ರಿಗೆ ಬಸ್ ಹತ್ತೋಕಾಗಲ್ಲ. ನೀವೇ ತರ್ತೀರಾ?" ಎಂದು ಕೇಳಿದಳು.

ಭಾನುವಾರ ರೆಕಾರ್ಡರನ್ನು ಸ್ಕೂಟಿಯಲ್ಲಿ ಕಾಲ ಬಳಿ ಇಟ್ಟುಕೊಂಡು ಹೊರಟೆ. ಮಾಚೇನಹಳ್ಳಿ ದಾಟುವಾಗ ಫೌಂಡ್ರಿಯ ಗೇಟು ಕಂಡಿತು, ಬೀಗ ಬಿದ್ದಿತ್ತು. ಹಾಡು ಗುನುಗುತ್ತಿದ್ದೆ ಎಂದು ಈಗ ನೆನೆದರೆ ಮೈ ಉರಿಯುತ್ತದೆ.

ಭದ್ರಾವತಿಯ ಹೊಸಮನೆ ಬಡಾವಣೆಯ ಒಳಗಿನ ಬೀದಿಯಲ್ಲಿ ಅವರದು ಎರಡು ಕೋಣೆಯ ಮನೆ. ಬಾಗಿಲ ಪಕ್ಕದಲ್ಲೇ ಸ್ವಿಚ್ ಬೋರ್ಡು, ಟಿವಿಯ ಸ್ವಿಚ್ಚೂ ಅದರಲ್ಲೇ. ಎದುರಿಗೆ ಟಿವಿ, ಅದರ ಮೇಲೆ ಸತೀಶನ ಫೋಟೋ. ಅವನ ತಾಯಿ ತುಂಗಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು.

"ಬಾ ಮಗಾ. ವೀಣಾ, ಫ್ಯಾನ್ ಹಾಕೆ. ಬಾಗ್ಲು ಹಾಕ್ಬೇಡ, ಗಾಳಿ ಬರ್ಲಿ," ಎಂದರು.

ವೀಣಾ ಉಪ್ಪಿಟ್ಟು ಮಾಡಿದ್ದಳು. ಗಂಡ ಹೋದ ಮೇಲೆ ಮನೆಯಲ್ಲಿ ಒಗ್ಗರಣೆ ಸದ್ದಾದದ್ದು ಇವತ್ತೇ ಎಂದಳು. ಹಾಲೇಶನನ್ನೂ ಕರೆಸಿದ್ದಳು. ಅವನು ಬಂದವನು ಹೊಸ್ತಿಲ ಒಳಗೇ ಬಾಗಿಲಿಗೆ ಅಂಟಿ ನಿಂತ. ಕೂರು ಎಂದರೂ ಕೂರಲಿಲ್ಲ. ಮುಖ ಇಳಿದುಹೋಗಿತ್ತು. ಭಾವನನ್ನು ಕಳೆದುಕೊಂಡ ದುಃಖ ಎಂದುಕೊಂಡೆ.

ವೈರ್ ಜೋಡಿಸಿದೆ. "ಹಾಲೇಶ, ಟಿವಿ ಹಾಕು," ಎಂದಳು ವೀಣಾ. ಅವನು ಬೋರ್ಡಿನ ಸ್ವಿಚ್ ಒತ್ತಿದ.

ಪರದೆಯ ಮೇಲೆ ಸತೀಶ್ ನಡೆದು ಬಂದ. ಅವನು ಬಾಗಿಲು ತೆರೆದ, ಕೈ ಎಳೆದ, ದೀಪ ಆರಿತು, ತಲೆ ಎತ್ತಿ ನೋಡಿದ.

"ಆರ್ಸಿದಾನೆ," ಎಂದರು ತುಂಗಮ್ಮ. "ನನ್ ಮಗ ಆರ್ಸೇ ಹೋಗಿದಾನೆ. ಕೇಳ್ದೇನೆ ವೀಣಾ? ಬೀದಿಯೋರ್ನೆಲ್ಲ ಕರಿಯೇ, ಬಂದ್ ನೋಡ್ಲಿ."

ವೀಣಾ ಟಿವಿಯ ಹತ್ತಿರ ಹೋಗಿ ಗಂಡನ ತಲೆ ಇದ್ದ ಜಾಗಕ್ಕೆ ಅಂಗೈ ಇಟ್ಟಳು. ತುಂಗಮ್ಮನ ಕೂಗಿಗೆ ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದು ಹೊರಗಿನಿಂದ ಇಣುಕಿದರು. ನಾನು ರಿಮೋಟಿಗೆ ಕೈ ಹಾಕಿದೆ.

"ಬಿಡಿ ಮೇಡಂ, ಓಡ್ಲಿ," ಎಂದಳು ವೀಣಾ.

"ಸಾಕು, ನಿಲ್ಸಿ ಮೇಡಂ," ಎಂದ ಹಾಲೇಶ್. ಅವನ ಧ್ವನಿ ಬೇರೆಯಾಗಿತ್ತು.

"ನೀನ್ ಬಾಗ್ಲು ಹಾಕೋದು ಬರುತ್ತಲ್ಲ, ಅಲ್ಲೀವರೆಗೆ ನೋಡ್ತೀನಿ. ಅಲ್ಲೀವರೆಗೂ ಇದ್ರಲ್ಲ ಅವ್ರು."

ಸತೀಶ್ ತೊಟ್ಟಿಯೊಳಗೆ ಬಗ್ಗಿದ. ಕಾಲು ಮಾತ್ರ ಕಾಣುತ್ತಿತ್ತು. ಹಾಲೇಶ್ ಪರದೆಯ ಎಡದಿಂದ ಬಂದು ಪ್ಯಾನೆಲ್ ಮುಂದೆ ನಿಂತ. ಫೋನಿನಲ್ಲಿ ಬರೀ ಆಕಾರವಾಗಿದ್ದವನು ಇಲ್ಲಿ ಹಾಲೇಶನೇ ಆಗಿದ್ದ, ಅಂಗಿಯ ಗೆರೆ ಕಾಣುವಷ್ಟು. ಅವನು ಬೆವರು ಒರೆಸಿಕೊಳ್ಳಲಿಲ್ಲ. ಕುಂಕುಮಕ್ಕೆ ಬೆರಳು ತಾಗಿಸಿ ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಅವನ ಕೈ ಪೆಟ್ಟಿಗೆಯೊಳಗೆ ಹೋಗಿ ಮೇಲಕ್ಕೆ ಎದ್ದಿತು. ದೀಪ ಹತ್ತಿತು. ಅವನು ಬಾಗಿಲು ಮುಚ್ಚಿದ.

ನಾನು ಹಾರಿ ಹೋಗಿ ಬೋರ್ಡಿನಲ್ಲಿ ಟಿವಿಯ ಸ್ವಿಚ್ಚನ್ನೇ ಆರಿಸಿದೆ.

ಬಾಗಿಲು ಮುಚ್ಚುವ ಮೊದಲು ಯಾರೂ ಕಣ್ಣಿಗೊತ್ತಿಕೊಳ್ಳುವುದಿಲ್ಲ. ನನಗೆ ಗೊತ್ತಿದ್ದದ್ದು ಅಕ್ಕನಿಗೆ ಗೊತ್ತಿರದೇ ಇರುತ್ತದೆಯೇ? ಅವನ ಜೊತೆ ಒಂದೇ ಮನೆಯಲ್ಲಿ ಬೆಳೆದವಳು. ವೀಣಾ ಕಪ್ಪಾದ ಟಿವಿಯ ಮುಂದೆ ಹಾಗೇ ನಿಂತಿದ್ದಳು. ಹೊರಗೆ ಆ ಇಬ್ಬರು ಹೆಂಗಸರು ಇನ್ನಷ್ಟು ಕತ್ತು ಚಾಚಿದರು.

"ಹಾಲೇಶ," ಎಂದಳು ವೀಣಾ, ತಿರುಗದೆ. "ಹಾಕು."

ಅವನು ಕೈ ಎತ್ತಿದ. ಎಡಕ್ಕೆ ಬಾಗಿಲು, ಬಲಕ್ಕೆ ಸ್ವಿಚ್ ಬೋರ್ಡು. ಕೈ ಬಾಗಿಲ ಕಡೆ ಸ್ವಲ್ಪ ಹೋಯಿತು, ಬೋರ್ಡಿನ ಕಡೆ ಸ್ವಲ್ಪ ಬಂತು, ನಡುವೆ ನಿಂತಿತು.

"ಯಾವ್ದನ್ನಕ್ಕಾ?" ಎಂದ. "ಯಾವ್ದನ್ನ ಹಾಕ್ಲಿ?"

ವೀಣಾ ತಿರುಗಿ ಅವನನ್ನು ನೋಡಿದಳು.

"ಅವತ್ತೂ ಕೇಳ್ಬೇಕಿತ್ತು," ಎಂದು ಹಾಲೇಶ್ ಅಲ್ಲೇ ಕುಸಿದು ಕೂತ. "ಯಾವ್ದನ್ನ ಹಾಕ್ಲಿ ಭಾವ ಅಂತ ಒಂದ್ ಮಾತು ಕೇಳ್ಬೇಕಿತ್ತು ಅಕ್ಕ. ಕೇಳ್ಲಿಲ್ಲ ನಾನು."

ಬಾಗಿಲನ್ನು ನಾನೇ ಮುಚ್ಚಿದೆ. ಅವನು ಅಳುತ್ತಲೇ ಹೇಳಿದ. "ಗ್ರೈಂಡಿಂಗ್ ಸದ್ದು ಜೋರಾಗಿತ್ತು. ‘ಹಾಲೇಶ, ಪ್ಯಾನೆಲ್ ಹಾಕೋ’ ಅಂದ್ರು ಭಾವ. ತೊಟ್ಟಿ ಆ ಕಡೆಯಿಂದ ಕೇಳ್ಸಿದಂಗಾಯ್ತು. ಕೆಲ್ಸ ಮುಗ್ಸಿ ಆಚೆ ಬಂದಿದಾರೆ, ಮೆಷಿನ್ ಹಾಕು ಅಂತಿದಾರೆ ಅನ್ಕೊಂಡೆ. ಸ್ವಿಚ್ ಹಾಕ್ದೆ, ಬಾಗ್ಲೂ ಹಾಕ್ದೆ. ಅವ್ರು ಧೂಳಿಗೆ ಬಾಗ್ಲು ಹಾಕು ಅಂದಿದ್ರು."

"ಯಾಕೋ ಹೇಳ್ಲಿಲ್ಲ?" ಎಂದಳು ವೀಣಾ.

"ಅವತ್ತೇ ದುಶ್ಯಂತ್ ಸರ್ ಹತ್ರ ಹೇಳ್ದೆ. ಅವ್ರು ಕಂಪ್ಯೂಟರಲ್ಲಿ ತೋರ್ಸಿ, ‘ನೋಡೋ, ದೀಪ ಮೊದ್ಲಿಂದ್ಲೂ ಉರೀತಾನೇ ಇದೆ, ನೀನ್ ಬಾಗ್ಲಷ್ಟೇ ಹಾಕಿರೋದು. ಗಾಬ್ರಿಗೆ ಏನೇನೋ ಬಡಬಡಿಸ್ಬೇಡ’ ಅಂದ್ರು. ದಿನಾ ನೋಡ್ದೆ ಅಕ್ಕ. ನೋಡಿ ನೋಡಿ, ನಾನು ಸ್ವಿಚ್ ಮುಟ್ಟೇ ಇಲ್ವೇನೋ ಅಂತ ನಂಗೇ ಅನ್ಸೋಕ್ ಶುರುವಾಯ್ತು."

ದೀಪ ಆರಿದ್ದನ್ನು ಲೆಕ್ಕಕ್ಕೇ ಹಿಡಿಯದ ಒಂದು ಡಬ್ಬವನ್ನು ನಂಬಿ ಒಬ್ಬ ಮನುಷ್ಯ ತನ್ನ ಕೈ ಮಾಡಿದ್ದನ್ನೇ ಬಿಟ್ಟುಕೊಡುತ್ತಿದ್ದ. ದುಶ್ಯಂತ್‌ಗೆ ಹಾಲೇಶನ ಮೇಲೆ ಕನಿಕರ ಇತ್ತು ಎಂದು ನಾನು ನಂಬುವುದಿಲ್ಲ. ಕೆಟ್ಟ ಬಟನ್ ಯಾಕೆ ರಿಪೇರಿ ಮಾಡಿಸಲಿಲ್ಲ, ಸ್ವಿಚ್ಚಿಗೆ ಬೀಗ ಯಾಕಿರಲಿಲ್ಲ ಎಂಬ ಪ್ರಶ್ನೆ ಏಳಬಾರದು, ಅಷ್ಟೇ ಅವನಿಗೆ ಬೇಕಿದ್ದದ್ದು.

ತುಂಗಮ್ಮ ಮಂಚದಿಂದ ಕೇಳಿದರು. "ಹಾಕು ಅಂದಿದ್ದು ಅವ್ನೇನಾ?"

"ಹೂಂ ಅತ್ತೆ," ಎಂದ ಹಾಲೇಶ್.

"ಚಿಕ್ಕೋನಿದ್ದಾಗ ಬಾಗ್ಲು ಹಾಕಿ ಬರ್ತಿರ್ಲಿಲ್ಲ. ನಾಯಿ ನುಗ್ತವೆ, ಹಾಕೋ ಹಾಕೋ ಅಂತ ನಾನೇ ಬಡ್ಕೊತಿದ್ದೆ," ಎಂದರು. ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿದರು.

ವೀಣಾ ನನ್ನ ಪಕ್ಕ ಬಂದು ಕೂತಳು. "ದೀಪ ಆರಿತಲ್ಲ, ಅಲ್ಲೀವರೆಗೆ ಮಾತ್ರ ಕತ್ತರ್ಸಿ ಕೊಡೋಕಾಗುತ್ತಾ ಮೇಡಂ? ಅವ್ರು ತಲೆ ಎತ್ತಿ ನೋಡ್ತಾರಲ್ಲ, ಅಲ್ಲೀವರೆಗೆ?"

"ಆಗುತ್ತೆ ಅಕ್ಕ. ಆದ್ರೆ ಆರಿದ್ ದೀಪ ತಾನಾಗೇ ಹತ್ತಲ್ಲ. ಮತ್ತೆ ಯಾರ್ ಹಾಕಿದ್ದು ಅಂತ ಕೇಳೇ ಕೇಳ್ತಾರೆ."

"ಮಾರಾಯ್ತಿ, ಇಬ್ರೂ ನನ್ನೋರು ಕಣೇ," ಎಂದಳು. ಮೊದಲ ಬಾರಿ ನನ್ನನ್ನು ಮೇಡಂ ಎನ್ನಲಿಲ್ಲ. "ಒಬ್ರು ಸತ್ತಿದಾರೆ, ಒಬ್ಬ ಬದುಕಿದಾನೆ. ಬದುಕಿರೋನನ್ನ ಉಳಿಸ್ಕೋ ಅನ್ನುತ್ತೆ ಬುದ್ಧಿ. ಆದ್ರೆ ಕುಡುಕ, ಬೇಜವಾಬ್ದಾರಿ ಅನ್ನಿಸ್ಕೊಂಡು ಅವ್ರು ಇನ್ನೊಂದ್ ಸಲ ಸಾಯ್ಬೇಕಾ?"

ಕಪಾಟಿನಲ್ಲಿದ್ದಾಗಲೇ ಎಲ್ಲ ಅಳಿಸಿ ಮಾರಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಬರುವಾಗಲೇ ಪೂರ್ತಿ ಚಿತ್ರವನ್ನು ಒಂದು ಪೆನ್ ಡ್ರೈವಿಗೆ ಹಾಕಿ ತಂದಿದ್ದೆ. ಅವಳ ಕೈಗಿತ್ತೆ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಉಪ್ಪಿಟ್ಟು ಆರಿ ತಟ್ಟೆಯಲ್ಲೇ ಗಟ್ಟಿಯಾಯಿತು. ಕೊನೆಗೆ ಎದ್ದು ಹಾಲೇಶನ ಮುಂದೆ ನಿಂತಳು.

"ನಾನ್ ಕೊಡಲ್ಲ. ನೀನೇ ಹೋಗಿ ತನಿಖೆಯೋರ್ ಕೈಲಿ ಕೊಡು. ಭಾವ ಆರ್ಸಿದ್ರು ಅಂತ ನೀನೇ ಹೇಳು. ಆಮೇಲಿಂದೂ ನೀನೇ ಹೇಳು."

ಅವನು ಎರಡೂ ಕೈ ಚಾಚಿ ತಗೊಂಡ. ತಗೊಂಡ ಕೈ ಅಭ್ಯಾಸಬಲದಿಂದ ಕಣ್ಣಿನ ಕಡೆ ಏರಿತು. ಅರ್ಧದಲ್ಲಿ ಅವನಿಗೇ ಅರಿವಾಗಿ ಇಳಿಸಿಬಿಟ್ಟ. ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

ಮರುದಿನವೇ ಹೋಗಿ ಕೊಟ್ಟ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹಾಲೇಶನ ಮೇಲೂ ದುಶ್ಯಂತ್‌ನ ಮೇಲೂ ಕೇಸು ನಡೆಯುತ್ತಿದೆ. ದುಶ್ಯಂತ್ ನನಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ, ನಾನೂ ಬಾಕಿ ಇಟ್ಟುಕೊಳ್ಳಲಿಲ್ಲ. ಸತೀಶ್ ಕುಡಿದಿದ್ದ ಎಂದು ಹೊಸಮನೆಯಲ್ಲಿ ಈಗ ಯಾರೂ ಅನ್ನುವುದಿಲ್ಲ. ವೀಣಾ ಬಯಸಿದ್ದು ಅದೊಂದೇ, ಅದು ಸಿಕ್ಕಿದೆ. ತಮ್ಮನ ಜೊತೆ ಮಾತಿಲ್ಲ. ತವರಿಗೂ ಹೋಗುವುದಿಲ್ಲ. ಅವನ ಮನೆಯಲ್ಲೇ ಇರುವ ಅವಳ ತಾಯಿ ಕರಿಬಸಮ್ಮ ಮಗಳ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಾರಂತೆ.

ಮೊನ್ನೆ ಭದ್ರಾವತಿಯಲ್ಲಿ ಕೆಲಸವಿತ್ತು. ಅಂದು ಅಲ್ಲೇ ಬಿಟ್ಟು ಬಂದಿದ್ದ ರಿಮೋಟು ನೆಪವಾಗಿ ಅವರ ಮನೆಗೆ ಹೋದೆ. ಸೆಕೆ ವಿಪರೀತ. ವೀಣಾ ಒಳಗೆ ಬಟ್ಟೆ ಹೊಲಿಯುತ್ತಿದ್ದಳು. ತುಂಗಮ್ಮ ಮಂಚದ ಮೇಲಿದ್ದರು. ಸಹಿ ಮಾಡಲು ಬಾರದ, ಇಂಗ್ಲಿಷಿನ ಗಾಳಿಯೂ ಸೋಕದ ಮುದುಕಿ.

"ಬಾ ಮಗಾ," ಎಂದರು. "ವೀಣಾ, ಆ ಬಾಗ್ಲು ಮುಚ್ಚೇ, ಬಿಸಿಲು ಬರುತ್ತೆ. ಫ್ಯಾನ್..."

ಅಲ್ಲಿಗೆ ನಿಲ್ಲಿಸಿದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಬೇರೆ ಮಾತು ಹುಡುಕಿ ನಿಧಾನವಾಗಿ ಹೇಳಿದರು.

"ಫ್ಯಾನ್ ಆನ್ ಮಾಡು."